ಕೆರೆ ಕಾಣುವ ಕಿಟಕಿ

ನನಗೆ ಹೊಟ್ಟೆಕಿಚ್ಚು ತುಸು ಜಾಸ್ತಿ. ಮುಚ್ಚಿಟ್ಟು ಪ್ರಯೋಜನವಿಲ್ಲ, ನನ್ನ ಹೆಂಡತಿ ನಿರ್ಮಲಾ ಮನೆಗೆ ಬಂದವರಿಗೆಲ್ಲ ಚಹಾದ ಜೊತೆ ಈ ಸುದ್ದಿಯನ್ನೂ ಕೊಟ್ಟೇ ಕಳಿಸುತ್ತಾಳೆ. ಆದರೆ ನನ್ನ ಹೊಟ್ಟೆಕಿಚ್ಚಿಗೂ ಒಂದು ಮರ್ಯಾದೆಯಿದೆ. ಯಾರದೋ ಕಾರು, ಯಾರದೋ ಬಂಗಾರ, ಯಾರಿಗೋ ಸಿಕ್ಕ ಡಾಕ್ಟರ್ ಅಳಿಯ, ಇಂಥವಕ್ಕೆಲ್ಲ ಉರಿಯುವವನು ನಾನಲ್ಲ. ಕೈಗೆ ಎಟುಕದ್ದಕ್ಕೆ ಉರಿದು ಏನು ಮಾಡುವುದು? ನನ್ನ ಸರೀಕರು, ನನ್ನಷ್ಟೇ ಪಗಾರದವರು, ನನಗಿಂತ ಒಂದು ಬೆರಳು ಹೆಚ್ಚು ಸುಖವಾಗಿದ್ದರೆ ಮಾತ್ರ ಉಂಡದ್ದು ಕರಗುವುದಿಲ್ಲ.

ಅಂಥ ಸರೀಕರೆಂದರೆ ರಾಜೇಸಾಬರು. ಹುಬ್ಬಳ್ಳಿಯ ಒಂದು ಚಷ್ಮಾದ ಅಂಗಡಿಯಲ್ಲಿ ನಾವಿಬ್ಬರೂ ಹದಿನೆಂಟು ವರ್ಷದಿಂದ ಇದ್ದೇವೆ. ನಾನು ಗಿರಾಕಿಗಳನ್ನು ಕೂರಿಸಿ ಗೋಡೆಯ ಮೇಲಿನ ಅಕ್ಷರ ಓದಿಸುತ್ತೇನೆ. ಅವರು ಒಳಗೆ ಕುಳಿತು ಗಾಜು ತಿಕ್ಕಿ ಫ್ರೇಮಿಗೆ ಕೂರಿಸುತ್ತಾರೆ. ಅವರದು ಉಣಕಲ್ ಕೆರೆಯ ಕಡೆ ಮಹಡಿಯ ಮೇಲಿನ ಬಾಡಿಗೆ ಮನೆ. ಎರಡೇ ಕೋಣೆ. ಆದರೆ ಕಿಟಕಿ ತೆರೆದರೆ ಇಡೀ ಕೆರೆ ಒಳಗೆ ಬಂದು ಕೂತುಬಿಡುತ್ತದೆ. ಬಾಡಿಗೆಯೋ, ನನ್ನದಕ್ಕಿಂತ ಕಡಿಮೆ! ನಾನು ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ, ಗೋಡೆಗೆ ಹಗ್ಗ, ಹಗ್ಗದ ಮೇಲೆ ಪಕ್ಕದ ಮನೆಯವರ ಬನಿಯನ್ನು. ಆ ಬನಿಯನ್ನಿನ ತೂತು ವರ್ಷದಿಂದ ವರ್ಷಕ್ಕೆ ದೊಡ್ಡದಾದದ್ದೊಂದೇ ನಾನು ಕಂಡ ನಿಸರ್ಗ.

ರಾಜೇಸಾಬರು ಸುಮ್ಮನಾದರೂ ಇರಬೇಕಲ್ಲ? ದಿನಾ ಮುಂಜಾನೆ ಅಂಗಡಿಯ ಬಾಗಿಲು ತೆಗೆಯುವಾಗಲೇ ಶುರು. "ಇವತ್ತ ಬೆಳ್ಳಕ್ಕಿ ಎಷ್ಟ ಬಂದಿದ್ವು ಅಂತೀರಿ! ನೀರಿನ ಮ್ಯಾಲ ಬಿಸಲು ಬಿತ್ತಂದ್ರ ಕಣ್ಣ ತುಂಬತಾವ ನೋಡ್ರಿ." ನನ್ನ ಕಣ್ಣು ತುಂಬುತ್ತಿದ್ದದ್ದು ಬೇರೆ ಕಾರಣಕ್ಕೆ. ಅಂಥ ದಿನ ಮೊದಲು ಬಂದ ಗಿರಾಕಿ ಎಲ್ಲ ಅಕ್ಷರ ಸರಿಯಾಗಿ ಓದಿದರೂ "ಸಮಾ ನೋಡಿ ಓದ್ರಿ" ಎಂದು ಗದರುತ್ತಿದ್ದೆ.

ಅವರು ನಮ್ಮ ಮನೆಗೆ ಬಂದಾಗ ಮಾತ್ರ ಒಂದು ವಿಚಿತ್ರ ನಡೆಯುತ್ತಿತ್ತು. ಬಚ್ಚಲಿಗೆ ಕೈತೊಳೆಯಲು ಹೋದವರು ಲಗೂ ಹೊರಗೆ ಬರುತ್ತಿರಲಿಲ್ಲ. ನಳ ತಿರುವಿದ ಸಪ್ಪಳ, ನಿಲ್ಲಿಸಿದ ಸಪ್ಪಳ, ಮತ್ತೆ ತಿರುವಿದ ಸಪ್ಪಳ. ಹೊರಗೆ ಬಂದು, "ಭಾಳ ಛಲೋ ಐತ್ರಿ ನಿಮ್ಮ ಮನಿ" ಎನ್ನುತ್ತಿದ್ದರು. ಕೆರೆ ಇಲ್ಲದ ಬಡಪಾಯಿಗೆ ಸಮಾಧಾನ ಹೇಳುತ್ತಿದ್ದಾರೆಂದು ನನಗೆ ಇನ್ನಷ್ಟು ಉರಿಯುತ್ತಿತ್ತು.

ಒಂದು ದಿನ ತಡೆಯಲಾರದೆ ಬಾಯಿಬಿಟ್ಟೆ. "ನಿಮ್ಮ ನಸೀಬ ನಮಗೆಲ್ಲಿ ಬರಬೇಕ್ರಿ!" ರಾಜೇಸಾಬರು ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟರು. "ಆ ಮನಿಯೊಳಗ ನಿಮ್ಮಂಥವರು ಇರಬೇಕ್ರಿ. ಬೇಕಂದ್ರ ನಾನ ಬಿಟ್ಟ ಕೊಡತೇನಿ."

"ಮತ್ತ ನೀವೆಲ್ಲಿ ಇರತೀರಿ?"

"ನಿಮ್ಮ ಮನ್ಯಾಗ ಹೆಂಗರ ಹೊಂದಿಕೊಂತೇವ್ರಿ" ಎಂದು ನಿಟ್ಟುಸಿರು ಬಿಟ್ಟರು.

ಇಂಥ ತ್ಯಾಗವನ್ನು ನಾನು ಪುರಾಣದಲ್ಲಿ ಮಾತ್ರ ಕೇಳಿದ್ದೆ. ಮನೆಗೆ ಬಂದು ಹೇಳಿದರೆ ನಿರ್ಮಲಾ ಹುಬ್ಬು ಗಂಟಿಕ್ಕಿದಳು. "ಯಾರರ ಕೆರಿ ಮುಂದಿನ ಮನಿ ತಾವಾಗೇ ಬಿಡತಾರೇನ್ರಿ? ಏನೋ ಐತಿ. ನೀರಿಂದು ಕೇಳಿರೇನು?" ನಾನು ನಕ್ಕುಬಿಟ್ಟೆ. ಕೆರೆ ದಂಡೆಯ ಮನೆಯಲ್ಲಿ ನೀರಿದೆಯೇ ಎಂದು ಕೇಳುವುದು, ಪೇಢೆ ಅಂಗಡಿಯ ಮುಂದೆ ನಿಂತು ಸಿಹಿ ಇದೆಯೇ ಎಂದು ಕೇಳಿದಂತೆ. "ಆತು ನಡೀರಿ. ನಾಳೆ ಏನರ ಆದ್ರ ನೀವ ನೋಡ್ಕೋರಿ" ಎಂದಳು. ಎರಡೂ ಕಡೆಯ ಮಾಲಕರು ಒಪ್ಪಿದರು. ತಿಂಗಳು ತುಂಬುವುದರೊಳಗೆ ಮನೆ ಅದಲು ಬದಲಾದವು.

ಮೊದಲ ಮೂರು ದಿನ ನಾನು ರಾಜ. ಕಿಟಕಿಗೆ ಕುರ್ಚಿ ಹಾಕಿಕೊಂಡು, ಗಿರಮಿಟ್ಟು ತಿನ್ನುತ್ತ ಬೆಳ್ಳಕ್ಕಿ ಎಣಿಸಿದೆ. ರಾಜೇಸಾಬರು ಬ್ಯಾರಲ್ಲುಗಳಲ್ಲಿ ತುಂಬಿಟ್ಟು ಹೋಗಿದ್ದ ನೀರು ಅಷ್ಟರಲ್ಲಿ ತೀರಿತು. ನಾಲ್ಕನೆಯ ದಿನ ಮುಖಕ್ಕೆ ಸಾಬೂನು ಹಚ್ಚಿಕೊಂಡು ಮೊದಲ ಸಲ ನಳ ತಿರುವಿದರೆ ಬುಸ್ ಎಂದು ಗಾಳಿ ಬಂತು. ಒಂದೇ ಕಣ್ಣು ತೆರೆದು ಕೆಳಗಿನ ಮನೆಯ ಕಸ್ತೂರೆವ್ವನನ್ನು ಕೂಗಿ ಕೇಳಿದೆ, "ನಳ ಯಾವಾಗ ಬರತೈತ್ರಿ?"

"ಮೊನ್ನಿ ಬಂದಿತ್ತಲ್ರಿ. ಇನ್ನ ಮುಂದಿನ ವಾರ. ಅದೂ ಕೆಳಗಿನ ನಳಕ್ಕಷ್ಟ, ಮ್ಯಾಲ ಏರೂದಿಲ್ಲ."

ದಿನವಿಡೀ ನೀರು ಬರುವ ಓಣಿಯಲ್ಲಿ ಇದ್ದೂ ಇದ್ದೂ, ಇದೇ ಊರಿನಲ್ಲಿ ವಾರಕ್ಕೊಮ್ಮೆ ಬರುವ ಓಣಿಗಳೂ ಇವೆಯೆಂಬುದನ್ನು ನಾನು ಮರೆತೇಬಿಟ್ಟಿದ್ದೆ. ಎದುರಿಗೆ ಕಣ್ಣು ಹಾಯುವಷ್ಟು ನೀರು. ಮುಖದ ಸಾಬೂನು ತೊಳೆಯಲು ಒಂದು ತಂಬಿಗೆ ಇಲ್ಲ. ನಿರ್ಮಲಾ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕಿಟಕಿಯ ಕುರ್ಚಿಯಲ್ಲಿ ಕುಳಿತು, "ಕೊಡ ಅಲ್ಲೇ ಮೂಲ್ಯಾಗ ಅದಾವ ನೋಡ್ರಿ" ಎಂದಳಷ್ಟೆ. ಅಂದಿನಿಂದ ನಮ್ಮ ಮನೆಯಲ್ಲಿ ಕೆರೆ ಅವಳಿಗೆ, ನೀರು ನನಗೆ. ಇಪ್ಪತ್ತೆರಡು ಮೆಟ್ಟಿಲು, ನಾಲ್ಕು ಬ್ಯಾರಲ್ಲು, ಒಂದು ಸೊಂಟ.

ಅಂಗಡಿಯಲ್ಲಿ ರಾಜೇಸಾಬರ ಮುಖ ನೋಡಬೇಕು! ಕಳೆ ಬಂದಿದೆ. ಬಾಗಿಲು ತೆಗೆಯುವಾಗಲೇ ಶುರು: "ಇವತ್ತ ಮುಂಜಾನಿ ನಳ ಏನ ಬಿತ್ತಂತೀರಿ! ಇಷ್ಟ ದಪ್ಪ ಧಾರಿ! ನೋಡಕೋತ ನಿಂತಬಿಟ್ಟಿನ್ರಿ." ನನ್ನದೇ ಬಚ್ಚಲು, ನನ್ನದೇ ನಳ. ಅದರ ವರ್ಣನೆ ಕೇಳಿ ನನ್ನ ಹೊಟ್ಟೆ ಉರಿದಷ್ಟು ಬೆಳ್ಳಕ್ಕಿಗೂ ಉರಿದಿರಲಿಲ್ಲ. ನೀರಿನ ವಿಷಯ ಯಾಕೆ ಹೇಳಲಿಲ್ಲವೆಂದು ಜಗಳ ತೆಗೆದರೆ, "ನೀವು ಕೇಳಲೇ ಇಲ್ಲಲ್ರಿ" ಎಂದರು. ಖರೇ ಮಾತು. ಅದಕ್ಕೂ ಉರಿಯಿತು.

ಹೋದ ಭಾನುವಾರ ಧಾರವಾಡದಿಂದ ನನ್ನ ಷಡ್ಡಕರು, ಅಂದರೆ ನಿರ್ಮಲಾಳ ಅಕ್ಕನ ಗಂಡ, ಬಂದರು. ಅವರನ್ನು ನಾನು ಅಣ್ಣಾರು ಎನ್ನುತ್ತೇನೆ. ಬಂದವರೇ ಕಿಟಕಿಯ ಹತ್ತಿರ ಹೋಗಿ ನಿಂತರು. ಆಮೇಲೆ ಬಂದ ನಿಟ್ಟುಸಿರಿನ ಜಾತಿ ನನಗೆ ಚೆನ್ನಾಗಿ ಗೊತ್ತು. "ಪುಣ್ಯವಂತರು ಬಿಡ್ರಿ ನೀವು" ಎಂದರು. ನನ್ನ ತಲೆಯಲ್ಲಿ ದೀಪ ಹತ್ತಿತು.

"ಅಣ್ಣಾರ, ನಿಮ್ಮ ಮನ್ಯಾಗ ನಳ ದಿನಾ ಬರತೈತಿ ಅಲ್ರಿ?"

"ತಿರುವಿದಾಗೆಲ್ಲ ಬರತೈತ್ರಿ. ಯಾಕ್ರಿ?"

"ಏನಿಲ್ಲ. ಈ ಮನಿಯೊಳಗ ನಿಮ್ಮಂಥವರು ಇರಬೇಕ್ರಿ. ಬೇಕಂದ್ರ ನಾನ ಬಿಟ್ಟ ಕೊಡತೇನಿ. ನಿಮ್ಮ ಮನ್ಯಾಗ ನಾವು ಹೆಂಗರ ಹೊಂದಿಕೊಂತೇವಿ." ನಿಟ್ಟುಸಿರನ್ನೂ ಮರೆಯದೆ ಬಿಟ್ಟೆ.

ಅಣ್ಣಾರು ನನ್ನ ಮುಖ ನೋಡಿ ಗೊಳ್ಳೆಂದು ನಕ್ಕರು. "ರಾಜೇಸಾಬರು ನಿಮಗ ಹಿಂಗ ಅಂದಿದ್ರಂತ, ಹೌದಲ್ರಿ?" ಚಹಾ ತಂದ ನಿರ್ಮಲಾ ಸೆರಗು ಬಾಯಿಗೆ ಒತ್ತಿಕೊಂಡಳು. ಅಕ್ಕನಿಗೆ ಫೋನಿನಲ್ಲಿ ಎಲ್ಲವನ್ನೂ ಎಂದೋ ಹೇಳಿಬಿಟ್ಟಿದ್ದಾಳೆ.

ಅಷ್ಟರಲ್ಲಿ ಕೆಳಗಿನಿಂದ ಕಸ್ತೂರೆವ್ವ ಕೂಗಿದಳು: "ನಳಾ ಬಂತ್ರೀ!" ನಾನು ಎರಡೂ ಕೈಗೆ ಕೊಡ ತೆಗೆದುಕೊಂಡು ಮೆಟ್ಟಿಲು ಇಳಿದೆ. ಅಣ್ಣಾರು ನನ್ನ ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಂಡು, "ಸಾವಕಾಶ ತುಂಬಿಕೊಂಡ ಬರ್ರಿ, ನಮಗೇನ ಅವಸರಿಲ್ಲ" ಎಂದರು.