ಹೆಣವಿಲ್ಲದ ಭಜನೆಗೆ ಹೋದ ನಮ್ಮ ಮಾವ

ನಮ್ಮ ಸೋದರಮಾವನಿಗೆ ಮನುಷ್ಯರು ಬದುಕಿರುವಷ್ಟು ದಿನ ಅವರ ಮೇಲೆ ಅಂಥ ಆಸಕ್ತಿಯೇನೂ ಇರುವುದಿಲ್ಲ. ಸತ್ತರು ಅನ್ನಿ, ಪ್ರೀತಿ ಉಕ್ಕಿ ಹರಿಯುತ್ತದೆ! ಮದುವೆಗೆ ಕರೆದರೆ "ನೋಡಾನ" ಅನ್ನುತ್ತಾನೆ. ಗೃಹಪ್ರವೇಶಕ್ಕೆ ಕರೆದರೆ "ಮಂಡಿನೋವು" ಅನ್ನುತ್ತಾನೆ. ತಮಿಳು ಸೀಮೆಯ ನಮ್ಮ ಡೆಂಕಣಿಕೋಟೆ ಸುತ್ತಮುತ್ತ ಯಾರಾದರೂ ಕಣ್ಣು ಮುಚ್ಚಿದರೆ ಮಾತ್ರ ಅದೇ ಮಂಡಿಗೆ ಎಲ್ಲಿಂದಲೋ ಬಲ ಬಂದು, ಹಿಂದೆ ಹಾರ್ಮೋನಿಯಂ ಕಟ್ಟಿಕೊಂಡು ಮೊಪೆಡ್ ಹತ್ತುತ್ತಾನೆ. ಆ ಮೊಪೆಡ್ಡಿನ ಸದ್ದು ಕೇಳಿದರೆ ಹಾಸಿಗೆ ಹಿಡಿದ ಮುದುಕರೆಲ್ಲ ಎದ್ದು ಕೂತು, "ನಾನಿನ್ನೂ ಇವ್ನಿ ಕಣಪ್ಪೋ" ಎಂದು ಜೋರಾಗಿ ಕೆಮ್ಮಿ ತೋರಿಸುತ್ತಾರಂತೆ.

ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಣ ಎತ್ತುವವರೆಗೆ ಭಜನೆ ನಿಲ್ಲಬಾರದು. ಒಬ್ಬ ಒಂದು ಸಾಲು ಹೇಳಿದರೆ ಕೂತವರೆಲ್ಲ ಅದೇ ಸಾಲನ್ನು ಎದುರು ಹೇಳಬೇಕು. ಅಳು ಬಂದರೂ ಹೇಳಬೇಕು. ಅಳು ಬರದಿದ್ದರಂತೂ ಇನ್ನೂ ಜೋರಾಗಿ ಹೇಳಬೇಕು! ಸಾಲು ಹೇಳಿಕೊಡುವವನು ನಮ್ಮ ಮಾವ. ಶ್ರುತಿಯ ವಿಷಯದಲ್ಲಿ ಮಹಾ ಕಟ್ಟುನಿಟ್ಟು. ಹಾರ್ಮೋನಿಯಂ ನಿಲ್ಲಿಸಿ, ಸತ್ತವನ ಸ್ವಂತ ಅಣ್ಣನನ್ನೇ "ಅಳೋದಾದ್ರೆ ಅಳು, ಹಾಡೋದಾದ್ರೆ ಹಾಡು, ಎರಡೂ ಕಲಸ್ಬ್ಯಾಡ" ಎಂದು ಗದರಿದ್ದುಂಟು. ಬಾಯಿ ಮುಚ್ಚಿ ಕೂತವರನ್ನು ಕಂಡರೆ ಅವನಿಗೆ ಒಂದೇ ಅನುಮಾನ. "ಇವ್ನಿಗೆ ಆಸ್ತಿ ಬಂದೈತೆ ಕಣಮ್ಮಿ" ಎಂದು ನನ್ನ ಕಿವಿಯಲ್ಲಿ ಹೇಳುತ್ತಾನೆ.

ಒಮ್ಮೆ ಕಾಡಂಚಿನ ಊರೊಂದರಲ್ಲಿ ಭಜನೆ ಏರುತ್ತಿದ್ದಾಗ ಪಕ್ಕದ ರಾಗಿ ಹೊಲಕ್ಕೆ ಆನೆಗಳು ಇಳಿದವು. ನೆಂಟರು, ಇಷ್ಟರು, ತಮಟೆಯವರು ಎಲ್ಲರೂ ದಿಕ್ಕಾಪಾಲು! ಜಾಗ ಬಿಟ್ಟು ಕದಲದೆ ಉಳಿದವರು ಇಬ್ಬರೇ, ಸತ್ತವರು ಮತ್ತು ನಮ್ಮ ಮಾವ. "ನಿಂಗೆ ಜೀವದ ಆಸೆ ಇಲ್ವಾ?" ಎಂದು ಅತ್ತೆ ಬೈದಳು. "ಚರಣ ಅರ್ಧಕ್ಕೆ ನಿಂತಿತ್ತು, ಹೆಂಗೆ ಬುಟ್ಟು ಓಡ್ಲಿ?" ಎಂದು ಮಾವ ಅವಳನ್ನೇ ಕೇಳಿದ.

ಅವಲಪಲ್ಲಿಯಲ್ಲಿ ಅವನ ಹಳೆಯ ಗೆಳೆಯ ತೀರಿಕೊಂಡಾಗ ನಾನೂ ಜೊತೆಗೆ ಹೋಗಿದ್ದೆ. ಗೆಳೆಯನ ಮಗ ಕಾಲಕ್ಕೆ ತಕ್ಕವನು. ಅಪ್ಪನ ತಲೆಯ ಬಳಿ ಸ್ಪೀಕರ್ ಇಟ್ಟು ಮೊಬೈಲಿನಿಂದ ಭಜನೆ ಬಿಟ್ಟಿದ್ದ. ಮಾವ ಹಲ್ಲು ಕಚ್ಚಿಕೊಂಡು ಕೂತ. ಎರಡು ಹಾಡು ಮುಗಿದ ಮೇಲೆ ಸ್ಪೀಕರಿನಿಂದ ಹೆಣ್ಣು ದನಿಯೊಂದು ಉಲಿಯಿತು: "ಸ್ವಂತ ಮನೆಯ ಕನಸೇ? ಇಂದೇ ನಿಮ್ಮ ಸೈಟ್ ಬುಕ್ ಮಾಡಿ!"

"ನಿಮ್ಮಪ್ಪಂಗೆ ಆಗ್ಲೇ ಸೈಟ್ ಸಿಕ್ಕೈತೆ, ಆಫ್ ಮಾಡ್ಲಾ ಅದನ್ನ!" ಎಂದು ಮಾವ ಅಬ್ಬರಿಸಿದ. ಹೆಣದ ಮುಂದೆ ಎಲ್ಲರೂ ನಗು ತಡೆಯಲಾಗದೆ ಸೆರಗು, ಟವೆಲ್ಲು ಬಾಯಿಗೆ ತುರುಕಿಕೊಂಡರು. ಆಮೇಲೆ ಮಾವ ಹಾಡಿದ ಹಾಡಿಗೆ ಅದೇ ಮಗ ಗೋಳೋ ಎಂದು ಅತ್ತ.

ಇಂಥ ಮಾವ ಕಳೆದ ವರ್ಷ ಬಾಯಿ ಮುಚ್ಚಿದ. ಅತ್ತೆ ಹೋದಳು, ಅದಕ್ಕೆ.

ಇವನು ಬೆಳಗ್ಗೆ ಅಂಗಳದಲ್ಲಿ ಹಲ್ಲುಜ್ಜುತ್ತಾ ಒಂದು ಸಾಲು ಎತ್ತಿದರೆ, ಅವಳು ಒಳಗೆ ಮುದ್ದೆ ತಿರುವುತ್ತಾ ಅದನ್ನು ಎದುರು ಹೇಳುತ್ತಿದ್ದಳು. ಅವರ ಸಂಸಾರದ ಮಾತುಕತೆಯೆಲ್ಲ ಹೆಚ್ಚುಕಡಿಮೆ ಅಷ್ಟೇ. ಅತ್ತೆಯ ಮುಂದೆ ಹಾರ್ಮೋನಿಯಂ ಇಟ್ಟುಕೊಂಡು ಕೂತ ಮಾವನ ಬಾಯಿಂದ ಒಂದಕ್ಷರ ಹೊರಡಲಿಲ್ಲ. ಊರಿಗೆಲ್ಲ ಹಾಡಿದವನು ಹೆಂಡತಿಗೆ ಹಾಡದೆ ಕಳಿಸಿಕೊಟ್ಟ. ತಿಥಿ ಮುಗಿದ ಮೇಲೆ ಹಾರ್ಮೋನಿಯಂ ಅಟ್ಟ ಸೇರಿತು. ಮಾವ ಸಾವುಗಳಿಗೆ ಹೋಗುವುದನ್ನೂ ಬಿಟ್ಟ, ಸರಿಯಾಗಿ ಉಣ್ಣುವುದನ್ನೂ ಬಿಟ್ಟ. ಪಕ್ಕದ ಮನೆಯ ಮುದುಕ ಬಂದು, "ನಿನ್ನ ನಂಬ್ಕಂಡು ಕುಂತಿದ್ನಲ್ಲಯ್ಯಾ, ಈಗ ನಾನು ಯಾವ ಧೈರ್ಯದ ಮೇಲೆ ಸಾಯ್ಲಿ?" ಎಂದು ಜಗಳ ತೆಗೆದ. ಮಾವ ಗೋಡೆಯ ಕಡೆ ಮಗ್ಗುಲಾದ. ನಮ್ಮಮ್ಮ ಫೋನಿನಲ್ಲಿ ಅತ್ತಳು. "ಒಂದ್ಸಲ ಬಾಯಿ ಬಿಟ್ಟು ಹಾಡಿದ್ರೆ ಬದುಕ್ಕತಾನೆ ಕಣೆ. ಇಲ್ದಿದ್ರೆ ಅವಳ ಹಿಂದೇನೇ ಹೋಗ್ಬುಡ್ತಾನೆ."

ನಾನು ಅವನನ್ನು ಆಲಸನತ್ತಂನ ನಮ್ಮ ಮನೆಗೆ ಎತ್ತಿ ಹಾಕಿಕೊಂಡು ಬಂದೆ. ಆಗ ಸಿಕ್ಕಿದ್ದೇ ಒಂದು ಸಂಗೀತ ಕಛೇರಿ. ನಮ್ಮ ಫ್ಯಾಕ್ಟರಿಯ ಗೆಳತಿಯೊಬ್ಬಳು ಚರ್ಚಿನ ಮೇಳದಲ್ಲಿ ಹಾಡುತ್ತಾಳೆ. ನವೆಂಬರಿನಲ್ಲಿ ಸತ್ತವರ ನೆನಪಿಗೆ ರೆಕ್ವಿಯಂ ಅಂತ ಹಾಡುತ್ತಾರೆ, ಬೆಂಗಳೂರಿನಿಂದ ಪಿಟೀಲಿನವರು, ಕಹಳೆಯವರು ಬರುತ್ತಾರೆ, ನೀವೂ ಬನ್ನಿ ಎಂದಳು. ಮಾವನಿಗೆ ಹೇಳಿದೆ.

"ತೀರ್ಕಂಡಿದ್ದು ಯಾರು?" ಎಂದ. ಬಹಳ ದಿನಗಳ ಮೇಲೆ ಅವನ ಕಣ್ಣಿನಲ್ಲಿ ಬೆಳಕು!

"ಇಂಥವರು ಅಂತ ಇಲ್ಲ ಮಾವ. ಸತ್ತವರೆಲ್ಲರಿಗೂ ಸೇರಿಸಿ ಹಾಡ್ತಾರೆ."

"ಹೋಲ್‌ಸೇಲಾ?!"

ಹೊರಡುವಾಗ ನೋಡಿದರೆ ಕೈಯಲ್ಲಿ ಒಂದು ಸೇವಂತಿಗೆ ಹಾರ, ಚೀಲದ ತುಂಬ ಹೆಣಕ್ಕೆ ಎರಚುವ ಪುರಿ! "ಇದೇನು ಮಾವ?" ಅಂದರೆ, "ಸಾವಿನ ಮನೆಗೆ ಬರಿಗೈಲಿ ಹೋದಾರಾ?" ಎಂದು ನನಗೇ ಬುದ್ಧಿ ಹೇಳಿದ. ಚರ್ಚಿನ ಬಾಗಿಲಲ್ಲಿ ಕೋಟು ತೊಟ್ಟವರೊಬ್ಬರು "ವಾಂಗ ಅಯ್ಯಾ, ವಾಂಗ" ಎಂದು ಕೈಮುಗಿದರು. ಸಾವಿನ ಮನೆಯಲ್ಲಿ ಬನ್ನಿ ಎನ್ನುವುದುಂಟೇ! ಮಾವನ ಮುಖ ಕೆಂಪಾಯಿತು. ಮರ್ಯಾದೆಗೆ ಸಿಟ್ಟು ನುಂಗಿಕೊಂಡು, ಹಾರ ಮುಂದೆ ಹಿಡಿದು, ತಮಿಳಿನಲ್ಲಿ ಹೆಣ ಎಲ್ಲಿಟ್ಟಿದ್ದೀರಿ ಎಂದು ಕೇಳಿದ. ಅವರು ಬೆಚ್ಚಿಬಿದ್ದು ನನ್ನ ಮುಖ ನೋಡಿದರು. ನಾನು ಮಾವನ ರಟ್ಟೆ ಹಿಡಿದು ಹಿಂದಿನ ಬೆಂಚಿಗೆ ಎಳೆದುಕೊಂಡು ಹೋದೆ.

"ನಮಗೆ ಬೆನ್ನು ಹಾಕ್ಕಂಡು ನಿಂತವ್ನಲ್ಲ, ಅವ್ನ್ಯಾರು?"

"ಹಾಡಿಸೋರು ಮಾವ."

"ಅವನು ಹಾಡಲ್ವಾ?"

"ಇಲ್ಲ."

"ಮತ್ತೆ ಕೋಲ್ಯಾಕೆ? ಶ್ರುತಿ ಬುಟ್ರೆ ಹೊಡೆಯಕ್ಕಾ? ಒಳ್ಳೇ ಏರ್ಪಾಡು!"

ಹಾಡು ಶುರುವಾಯಿತು. ದೊಡ್ಡ ನಗಾರಿ ಗುಡುಗಿದಾಗ ಮಾವ ಮೆಚ್ಚಿ ತಲೆದೂಗಿದ. ಲ್ಯಾಟಿನ್ ಅವನಿಗೂ ಬಾರದು, ನನಗೂ ಬಾರದು, ಸಭೆಯಲ್ಲಿ ಯಾರಿಗೂ ಬಂದಂತೆ ಕಾಣಲಿಲ್ಲ. ಮಾವನ ಸಂಕಟ ಅದಲ್ಲ. ಅಷ್ಟು ಜನ ಅಲ್ಲಿ ನಿಂತು ಎದೆ ಬಿಚ್ಚಿ ಹಾಡುತ್ತಿದ್ದಾರೆ, ಇಷ್ಟು ಜನ ಇಲ್ಲಿ ಕೂತು ಒಬ್ಬರೂ ಎದುರು ಹೇಳುತ್ತಿಲ್ಲ! "ಇವ್ರಿಗೆಲ್ಲ ಆಸ್ತಿ ಬಂದೈತಾ?" ಎಂದು ಪಿಸುಗುಟ್ಟಿದ. ಅವನ ಪಿಸುಮಾತು ಮೂರು ಬೆಂಚಿನವರಿಗೆ ಕೇಳುತ್ತದೆ. ಮೂರೂ ಬೆಂಚಿನವರು ತಿರುಗಿ ನೋಡಿದರು. ನಾನು ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡೆ.

ಕೊನೆಯ ಹಾಡಿಗೆ ಮೊದಲು ಕೋಲಿನವರು ನಮ್ಮ ಕಡೆ ತಿರುಗಿದರು. ಈಗ ಸ್ವಲ್ಪ ಹೊತ್ತು ಮೌನವಾಗಿದ್ದು ನಿಮ್ಮ ನಿಮ್ಮವರನ್ನು ನೆನೆದುಕೊಳ್ಳಿ ಎಂದು ತಮಿಳಿನಲ್ಲಿ ಹೇಳಿದರು. ಇಡೀ ಚರ್ಚು ಸ್ತಬ್ಧವಾಯಿತು. ಸಾವಿನ ಮನೆಯಲ್ಲಿ ಮೌನ! ಮಾವನಿಗೆ ತಡೆಯಲಾದೀತೇ? ತೊಡೆಯ ಮೇಲಿನ ಹಾರವನ್ನು ಬಿಗಿಯಾಗಿ ಹಿಡಿದಿದ್ದ. "ಬೇಡ ಮಾವ, ಕೈ ಮುಗೀತೀನಿ" ಎಂದೆ. ಮರುಕ್ಷಣವೇ, ಅಯ್ಯೋ, ನಾನೆಂಥ ಪಾಪಿ, ಇದಕ್ಕಾಗಿಯೇ ಅಲ್ಲವೇ ಕರೆತಂದಿದ್ದು ಎನಿಸಿತು.

ಮಾವ ಹಾಡಿದ. ಗಂಟಲು ಒಡೆದು, ಕಫ ಕಟ್ಟಿ, ಎಷ್ಟೋ ದಿನದಿಂದ ಒಳಗೇ ಕೂತಿದ್ದ ದನಿಯಲ್ಲಿ ಒಂದೇ ಒಂದು ಸಾಲು.

"ಸಂಜೆ ಆಯ್ತು ಏಳೋ ಹಂಸ, ಗೂಡಿಗ್ಯಾಕೋ ಬೀಗ..."

ನೂರಾರು ತಲೆಗಳು ನಮ್ಮತ್ತ ತಿರುಗಿದವು. ಎತ್ತಿದ ಕೋಲು ಅಲ್ಲೇ ನಿಂತಿತು. ಮಾವ ಯಾರನ್ನೂ ನೋಡಲಿಲ್ಲ. ಕತ್ತು ಓರೆ ಮಾಡಿ, ಅಡುಗೆಮನೆಯ ಕಡೆ ಕಿವಿಯಿಟ್ಟಂತೆ ಕಾದ. ಎದುರು ಹೇಳುವವರು ಯಾರೂ ಇರಲಿಲ್ಲ. ಅವನ ತುಟಿ ಮೆಲ್ಲಗೆ ಮುಚ್ಚತೊಡಗಿತು. ಈಗ ಮುಚ್ಚಿದರೆ ಆ ಬಾಯಿ ಇನ್ನು ಬಿಚ್ಚುವುದಿಲ್ಲ ಎಂದು ನನಗೆ ಹೆದರಿಕೆಯಾಯಿತು. ನಾನಾದರೋ, ಶಾಲೆಯ ಪ್ರಾರ್ಥನೆಯಲ್ಲಿ "ನೀನು ಬರೀ ತುಟಿ ಆಡಿಸಮ್ಮ ಸಾಕು" ಎಂದು ಮೇಷ್ಟರ ಕೈಯಲ್ಲಿ ಹೇಳಿಸಿಕೊಂಡವಳು! ಮಾನ ಮರ್ಯಾದೆ ಎಲ್ಲ ಹಾಳಾಗಲಿ ಎಂದು ಎದ್ದು ನಿಂತು, ಆ ಸಾಲನ್ನು ಕಿರುಚಿಯೇಬಿಟ್ಟೆ.

ಮಾವ ಬೆರಗಾಗಿ ನನ್ನನ್ನು ನೋಡಿದ. ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು.

"ಶ್ರುತಿ ಸೇರ್ಲಿಲ್ಲ ಕಣಮ್ಮಿ" ಎಂದ. "ನಿಮ್ಮತ್ತೆಗೂ ಕೊನೇವರ್ಗೂ ಸೇರ್ಲಿಲ್ಲ. ಇನ್ನೊಂದ್ಸಲ ಅನ್ನು."