ನಾನೇ ಹಾಕಿದ ಬಚ್ಚಲ ನೆಲ

ಸೋಂಪುರದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಮಾಲನ್ನು ವಾಪಸ್ ಕಳಿಸುವ ಹುದ್ದೆಯಲ್ಲಿರುವವನು ನಾನು. ನಾಲ್ಕಡಿಗೆ ಆರಡಿಯ ಬಚ್ಚಲಿಗಾಗಿ ಗಾರೆಯವನ ಮುಂದೆ ಕೈಕಟ್ಟಿ ನಿಲ್ಲುವುದೇ? ಆಗದು ಎಂದು ಮನೆಯಲ್ಲಿ ಘೋಷಿಸಿಬಿಟ್ಟೆ.

ಬಚ್ಚಲಿನ ಮೂಲೆಯಲ್ಲಿ ಟೈಲ್ಸ್ ಕುಸಿದಿತ್ತು. ಕೆಳಗೆ ಇಳಿದ ನೀರು ಪಕ್ಕದ ಕೋಣೆಯ ಗೋಡೆಯ ಮೇಲೆ ತಾಲ್ಲೂಕಿನ ನಕ್ಷೆ ಬರೆದಿತ್ತು. ಹೆರಿಗೆಯಾಗಿ ಹೊಸಕೋಟೆಯ ಅತ್ತೆ ಮನೆಯಲ್ಲಿದ್ದ ಮಗಳು ಹರ್ಷಿತ, ಭಾನುವಾರ ಕೂಸಿನೊಂದಿಗೆ ಬಾಣಂತನಕ್ಕೆ ಬರುವವಳು. ಎಣ್ಣೆ ಹಚ್ಚಿ ಹಂಡೆಗಟ್ಟಲೆ ನೀರು ಹುಯ್ಯುವ ಬಚ್ಚಲು ಗಟ್ಟಿಯಾಗಿರಲೇಬೇಕಿತ್ತು.

"ಸೊಣ್ಣಪ್ಪ ಮೇಸ್ತ್ರಿಗೆ ಒಂದು ಫೋನ್ ಮಾಡ್ರೀ, ಮೂರು ದಿನದಲ್ಲಿ ಮುಗ್ಸಿ ಕೊಡ್ತಾನೆ" ಎಂದಳು ನನ್ನ ಹೆಂಡತಿ ಸಪ್ಪಲಮ್ಮ.

"ಒಡೆಯೋದು, ಮತ್ತೆ ಹಾಕೋದು. ಅಷ್ಟೇ ತಾನೇ? ನಾನೇ ಮಾಡ್ತೀನಿ."

"ಒಡೆಯೋದ್ರಲ್ಲಿ ನನಗೇನೂ ಅನುಮಾನ ಇಲ್ಲ."

ಸೋಮವಾರ ರಜೆ ಹಾಕಿ ಉಳಿ, ಸುತ್ತಿಗೆ ಹಿಡಿದೆ. ಟೈಲ್ಸ್ ಸಲೀಸಾಗಿ ಎದ್ದು ಬಂತು. ಅದರಡಿಯ ಗಾರೆ ಅಂಬಲಿಯಂತಾಗಿತ್ತು. ಬಾಚಿ ಹಾಕುವ ಉತ್ಸಾಹದಲ್ಲಿ ಒಂದೇಟು ಹೆಚ್ಚು ಕೊಟ್ಟೆ. ಪೈಪು ಒಡೆದು ನೀರು ನೇರ ಮುಖಕ್ಕೇ ಚಿಮ್ಮಿತು.

"ವಾಲ್ವ್ ಎಲ್ಲಿದೆ ಕಣೇ?" ಎಂದು ಅರಚಿದೆ. ಮನೆ ಕಟ್ಟಿಸಿದ್ದು ನಾನು, ವಾಲ್ವ್ ಇರುವ ಜಾಗ ಗೊತ್ತಿದ್ದದ್ದು ಅವಳಿಗೆ. ಮಹಡಿಗೆ ಓಡಿ ಹೋಗಿ ಬಂದಳು.

"ಅದನ್ನ ಮುಚ್ಚಿದೀನಿ. ಬಾಯಿ ನೀವು ಮುಚ್ಕೊಳಿ, ಕೊಳೆ ನೀರು ಹೋಗುತ್ತೆ."

ಪೈಪು ಜೋಡಿಸಲು ಬಂದ ಪ್ಲಂಬರ್ ಗುಂಡಿ ನೋಡಿ, "ಬಾವಿ ತೋಡಿಸ್ತಿದೀರಾ ಸಾರ್?" ಎಂದು ವಿಚಾರಿಸಿದ.

ಮೂರು ದಿನ ಜಲ್ಲಿ ಹೊತ್ತು, ದಿಮ್ಮಸು ಹೊಡೆದು, ಗಾರೆ ಕಲಸಿ, ಹೊಸ ಟೈಲ್ಸ್ ಕೂರಿಸಿದೆ. ನಡು ಬಗ್ಗಿದ್ದು ನೆಟ್ಟಗಾಗಲು ನಿರಾಕರಿಸಿತು. ಆದರೂ ಹೆಂಡತಿಯನ್ನು ಕರೆದು ಟೈಲ್ಸ್ ಮೇಲೆ ರಸಮಟ್ಟ ಇಟ್ಟು ತೋರಿಸಿದೆ.

"ನೋಡು, ಎಲ್ಲಿಟ್ಟರೂ ಗುಳ್ಳೆ ನಡುಮಧ್ಯೆ. ಇಂಥಾ ಮಟ್ಟ ಸೊಣ್ಣಪ್ಪನ ಕೈಲಿ ಆಗುತ್ತಾ?"

"ಅದು ಸರಿ, ವಾಟ ಕೊಟ್ಟಿದೀರಾ?"

ವಾಟವೆಂದರೆ ನೀರು ತೂಬಿನ ಕಡೆ ಹರಿಯಲೆಂದು ಕೊಡುವ ಇಳಿಜಾರು. ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆ ನಾಲ್ಕು ದಿನ ನೆನಪಿಗೆ ಬಂದಿರಲಿಲ್ಲ, ಅಷ್ಟೆ.

"ಎಲ್ಲಾ ಕೊಟ್ಟಿದೀನಿ ಬಿಡು" ಎಂದೆ.

ಶನಿವಾರ ಬೆಳಿಗ್ಗೆ ಒಂದು ಬಕೆಟ್ ನೀರು ಸುರಿದು ಉದ್ಘಾಟನೆ ಮಾಡಿದೆ. ನೀರು ನಡುವೆ ನಿಂತು ಸುತ್ತಲೂ ನೋಡಿತು. ತೂಬಿನ ಮೇಲೆ ಅದಕ್ಕೆ ಯಾವ ಒಲವೂ ಕಾಣಲಿಲ್ಲ. ನಿಧಾನವಾಗಿ ಬಾಗಿಲು ದಾಟಿ, ಕೋಣೆಗೆ ಹೋಗಿ, ಕೂಸಿಗೆಂದು ಒಗೆದು ಮಡಿಸಿ ಚಾಪೆಯ ಮೇಲಿಟ್ಟಿದ್ದ ಹಳೆ ಪಂಚೆಯ ಬಟ್ಟೆಗಳಡಿ ನುಗ್ಗಿತು.

ಸಪ್ಪಲಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೊದಲು ಮಗಳಿಗೆ ಫೋನ್ ಮಾಡಿದಳು. "ಗುರುವಾರ ಕರ್ಕೊಂಡು ಬರ್ತೀವಿ ಕಣಮ್ಮ, ಅಲ್ಲೀವರೆಗೂ ಅಲ್ಲೇ ಇರು. ನಿಮ್ಮಪ್ಪ ಬಚ್ಚಲಿಗೆ ನೆಲ ಹಾಕಿದಾರೆ." ಮಗಳು ಹೆಚ್ಚೇನೂ ಕೇಳಲಿಲ್ಲ. ಎರಡನೆಯ ಫೋನು ಸೊಣ್ಣಪ್ಪನಿಗೆ.

ಅರ್ಧ ಗಂಟೆಯಲ್ಲಿ ಬಂದ ಮೇಸ್ತ್ರಿ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು, ನಿಂತ ನೀರಿನಲ್ಲಿ ಬೆರಳಾಡಿಸಿದ.

"ಅಕ್ಕ, ಇದನ್ನ ಯಾರು ಮಾಡಿದ್ದು?"

ನಾನು ಸಿಮೆಂಟು ಮೆತ್ತಿದ ಲುಂಗಿಯಲ್ಲಿ, ನೆಲ ಒರೆಸುವ ಬಟ್ಟೆ ಹಿಡಿದು ಹಿಂದೆಯೇ ನಿಂತಿದ್ದೆ. ನನ್ನ ಹೆಂಡತಿ ಇತ್ತ ನೋಡಲೂ ಇಲ್ಲ.

"ಯಾರೋ ಹೊಸಬ. ಎಲ್ಲಾ ಬರುತ್ತೆ ಅಂದ."

"ಕೂಲಿ ಕೊಟ್ಬಿಟ್ರಾ?"

"ಇಲ್ಲಪ್ಪ. ಮೂರು ಹೊತ್ತು ಊಟ ಹಾಕಿದೀನಿ."

"ಅದೇ ಜಾಸ್ತಿ ಆಯ್ತು" ಎಂದ ಸೊಣ್ಣಪ್ಪ ಎದ್ದು, ನನ್ನ ಲುಂಗಿಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಬಲು ಗೌರವದಿಂದ ಹೇಳಿದ: "ಸಾರ್, ಅಂಥೋರನ್ನ ಇನ್ನೊಂದ್ಸಲ ಮನೆಯೊಳಗೆ ಬಿಟ್ಕೋಬೇಡಿ."