ಮಾಸ್ತರ ಇಲೆಕ್ಷನ್ ಡ್ಯೂಟಿ

ವಿಧಾನಸಭೆ ಇಲೆಕ್ಷನ್ ಬಂತೆಂದರೆ ನಮ್ಮಂಥ ಮಾಸ್ತರ ಮಂದಿಗೆ ಡ್ಯೂಟಿ ತಪ್ಪುತ್ತಿರಲಿಲ್ಲ. ಡ್ಯೂಟಿಗೆ ಹೋದಮೇಲೆ ನಗುವಂಥದ್ದು ಏನಾದರೊಂದು ನಡೆಯುವುದೂ ತಪ್ಪುತ್ತಿರಲಿಲ್ಲ. ನಾನು ಬೈಲಹೊಂಗಲದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವನು. ತೊಂಬತ್ತರ ದಶಕದಲ್ಲಿ ಡಬ್ಬಿಯೊಳಗೆ ಚೀಟಿ ಹಾಕಿಸಿದೆ, ಆಮೇಲೆ ಮಶೀನಿನ ಗುಂಡಿ ಒತ್ತಿಸಿದೆ. ಹೆದರಿಕೊಂಡು ಹೋಗುತ್ತಿದ್ದೆ, ನಕ್ಕೊಂತ ಬರುತ್ತಿದ್ದೆ. ನಮ್ಮ ಕಡೆಯ ಮಂದಿ ನನಗಿಂತ ಶಾಣ್ಯಾರು ಅನ್ನುವುದು ಪ್ರತಿ ಸಲವೂ ಖಾತ್ರಿಯಾಗುತ್ತಿತ್ತು.

೧. ಒಂದೇ ಬುತ್ತಿ

ಮೊದಲ ಸಲ ನನ್ನನ್ನು ಮುನವಳ್ಳಿ ಹತ್ತಿರದ ಒಂದು ಹಳ್ಳಿಗೆ ಹಾಕಿದ್ದರು. ಮತಗಟ್ಟೆ ಅಂದರೆ ಊರ ಸಾಲಿಯ ಒಂದು ಕೋಣೆ. ಅಲ್ಲಿ ಎರಡು ಪಕ್ಷದ ಇಬ್ಬರು ಏಜೆಂಟರು ಎದುರುಬದುರು ಕುಂತಿದ್ದರು. ಬೆಳಗಿನಿಂದ ಅವರದು ಒಂದೇ ಸಮನೆ ತಕರಾರು. ಒಬ್ಬ ಮತದಾರ ಒಳಗೆ ಬಂದರೆ ಸಾಕು, "ಇಂವ ಈ ಊರಾಂವ ಅಲ್ರಿ" ಎಂದು ಒಬ್ಬ, "ನಿನಗಿಂತ ಮೊದಲ ಇದ ಊರಾಗ ಹುಟ್ಟ್ಯಾನ" ಎಂದು ಇನ್ನೊಬ್ಬ. ಮಧ್ಯಾಹ್ನದೊಳಗೆ ಇವರು ಕೈ ಕೈ ಮಿಲಾಯಿಸುತ್ತಾರೆ ಎಂದು ನಾನು ಪೊಲೀಸಪ್ಪನನ್ನು ಬಾಗಿಲ ಹತ್ತಿರವೇ ನಿಲ್ಲಿಸಿಕೊಂಡಿದ್ದೆ.

ಊಟದ ಹೊತ್ತಿಗೆ ನೋಡಿದರೆ ಇಬ್ಬರೂ ಅಂಗಳದ ಬೇವಿನ ಗಿಡದ ಕೆಳಗೆ ಒಂದೇ ಬುತ್ತಿ ಬಿಚ್ಚಿಕೊಂಡು ಕುಂತಿದ್ದಾರೆ. ರೊಟ್ಟಿ ಮುರಿದು ಒಬ್ಬ ಇನ್ನೊಬ್ಬನ ಕೈಗೆ ಕೊಡುತ್ತಿದ್ದಾನೆ.

"ಏನ್ರಿ ಇದು?" ಎಂದೆ.

"ಇಂವ ನಮ್ಮ ತಂಗಿ ಗಂಡ್ರಿ," ಎಂದ ಒಬ್ಬ. "ಪಕ್ಷ ಎರಡ ಅದಾವು, ರೊಟ್ಟಿ ಬಡಿಯಾಕಿ ಒಬ್ಬಾಕಿನ."

ಆ ರೊಟ್ಟಿ ಬಡಿಯುವಾಕೆ ಸ್ವಲ್ಪ ಹೊತ್ತಿಗೆ ಮತ ಹಾಕಲಿಕ್ಕೆ ಬಂದಳು. ಬೆಳಗಿನಿಂದ ಬಾಯಿ ಮುಚ್ಚದ ಇಬ್ಬರೂ ಈಗ ಸುಮ್ಮನಾದರು. ಆಕೆ ಚೀಟಿ ಮಡಚಿ ಡಬ್ಬಿಯೊಳಗೆ ಹಾಕುವತನಕ ಅಣ್ಣ ಒಂದು ಕಡೆಯಿಂದ, ಗಂಡ ಇನ್ನೊಂದು ಕಡೆಯಿಂದ ಆಕೆಯ ಮುಖವನ್ನೇ ನೋಡಿದರು. ಆಕೆ ಸೆರಗು ಸರಿ ಮಾಡಿಕೊಂಡು ಹೇಳಿದಳು:

"ಇಬ್ಬರೂ ನನ್ನ ಮಾರಿ ನೋಡಬ್ಯಾಡ್ರಿ. ಯಾರಿಗೆ ಹಾಕೇನಿ ಅಂತ ಹೇಳಿದ್ರ, ರಾತ್ರಿ ಒಬ್ಬಾಂವ ಉಣ್ಣದ ಮಲಗತಾನ."

೨. ಸತ್ತವರ ಪಟ್ಟಿ

ಮುಂದಿನ ಇಲೆಕ್ಷನ್‌ಗೆ ನನ್ನನ್ನು ಪ್ರಿಸೈಡಿಂಗ್ ಆಫೀಸರ್ ಮಾಡಿದರು. ಅಂದರೆ ಮತಗಟ್ಟೆಯ ಹಿರಿಯ ಅಧಿಕಾರಿ. ಏನೇ ತಪ್ಪಾದರೂ ಅದು ಅವನ ತಲೆಗೆ. ಸವದತ್ತಿ ಕಡೆಯ ಊರದು. ಮತದಾರರ ಪಟ್ಟಿಯ ಜೊತೆಗೆ ಸತ್ತವರ, ಊರು ಬಿಟ್ಟವರ ಇನ್ನೊಂದು ಪಟ್ಟಿ ಕೊಟ್ಟಿದ್ದರು. ಅದರಲ್ಲಿ ಹೆಸರಿದ್ದವರು ಯಾರಾದರೂ ಬಂದರೆ ಗುರುತು ಖಾತ್ರಿ ಮಾಡಿಕೊಂಡೇ ಚೀಟಿ ಕೊಡಬೇಕು.

ಹನ್ನೊಂದರ ಸುಮಾರಿಗೆ ತಲೆಗೆ ಹಳದಿ ಪಟಕ ಸುತ್ತಿದ ಒಬ್ಬ ಹಿರಿಯ ಬಂದ. ಹೆಸರು ನೋಡಿದರೆ ಸತ್ತವರ ಪಟ್ಟಿಯಲ್ಲಿದೆ. ನನಗೆ ಹೇಳಲಿಕ್ಕೂ ಸಂಕೋಚ.

"ಯಜಮಾನ್ರ, ಇಲ್ಲಿ ನೀವು ತೀರಿಕೊಂಡೀರಿ ಅಂತ ಬರದಾರ," ಎಂದೆ.

"ಹಂಗೇನ್ರಿ? ಮನ್ಯಾಗ ಯಾರೂ ಹೇಳಿಲ್ಲಲ್ರಿ," ಎಂದ ಆತ.

ಒಂದು ಪಕ್ಷದ ಏಜೆಂಟ, "ಇವರ ಅವರು, ನಮ್ಮ ಕಡಿಯವರು" ಎಂದ. ತನ್ನ ಕಡೆಯ ಮತವನ್ನು ಯಾರು ಬಿಡುತ್ತಾರೆ? ನಾನು ಎದುರು ಪಕ್ಷದ ಏಜೆಂಟನ ಕಡೆ ತಿರುಗಿದೆ. ಆ ಏಜೆಂಟನಿಗೂ ಈ ಹಿರಿಯನಿಗೂ ಹೊಲದ ಬದುವಿನ ಸಲುವಾಗಿ ವರ್ಷಾನುಗಟ್ಟಲೆ ಕೋರ್ಟಿನಲ್ಲಿ ಕೇಸು ನಡೆದಿದೆ, ಇಬ್ಬರಿಗೂ ಮಾತಿಲ್ಲ ಎಂದು ನನ್ನ ಜೊತೆಗಿದ್ದ ಊರ ತಳವಾರ ಕಿವಿಯಲ್ಲಿ ಹೇಳಿದ. ಆ ಸಲ ಸ್ಪರ್ಧೆ ಬಹಳ ಬಿಗಿ ಇತ್ತು, ಒಂದೊಂದು ಮತಕ್ಕೂ ಹೊಡೆದಾಟ. ಹಿರಿಯನ ಮತ ಹೋಯಿತು ಎಂದೇ ನಾನು ತಿಳಿದೆ.

ಏಜೆಂಟ ಆತನನ್ನು ತಲೆಯಿಂದ ಕಾಲಿನತನಕ ಒಮ್ಮೆ ನೋಡಿದ.

"ಅಂವನ ಇಂವ ರೀ," ಎಂದ. "ಹೋದ ವಾರ ಕೋರ್ಟಿನ್ಯಾಗ ನೋಡೇನಿ. ಗಟ್ಟಿ ಅದಾನ. ಚೀಟಿ ಕೊಡ್ರಿ."

ಹಿರಿಯ ಮತ ಹಾಕಿ ಹೊರಟ. ಬಾಗಿಲಲ್ಲಿ ಒಂದು ಗಳಿಗೆ ನಿಂತು, ಆ ಏಜೆಂಟನ ಕಡೆ ಸ್ವಲ್ಪ ತಲೆ ಬಾಗಿಸಿದ್ದನ್ನು ನಾನು ನೋಡಿದೆ. ನನಗೆ ತಡೆಯಲಾಗಲಿಲ್ಲ. ಸಂಜೆ ಡಬ್ಬಿಗೆ ಅರಗು ಹಾಕುವಾಗ ಏಜೆಂಟನಿಗೆ ಕೇಳಿದೆ, "ಆ ಮತ ನಿಮಗ ಬೀಳೂದಿಲ್ಲ ಅಂತ ಗೊತ್ತಿತ್ತಲ್ರಿ?"

"ಗೊತ್ತಿತ್ರಿ," ಎಂದ. "ಆದ್ರ ಇಲ್ಲಿ ಸುಳ್ಳ ಹೇಳಿ ಇವನ್ನ ಸಾಯಿಸಿದ್ರ, ನಾಳಿ ಕೋರ್ಟಿನ್ಯಾಗ ನಾ ಯಾರ ಮ್ಯಾಲ ಗೆಲ್ಲಲಿ?"

೩. ಎಲ್ಲರಿಗೂ ಒಂದೊಂದು

ಅದೇ ಕಾಲದ್ದು, ಮತ ಎಣಿಕೆಯ ದಿನದ ಮಾತು. ಜಾಳಿಗೆ ತಂತಿಯ ಈಚೆ ನಾವು, ಆಚೆ ಉಮೇದುವಾರರು, ಅವರ ಏಜೆಂಟರು. ಚೀಟಿ ಬಿಚ್ಚುತ್ತ ಬಿಚ್ಚುತ್ತ ನನ್ನ ಕೈಗೊಂದು ಚೀಟಿ ಬಂತು. ಅದರಲ್ಲಿದ್ದ ಪ್ರತಿಯೊಬ್ಬ ಉಮೇದುವಾರನ ಚಿಹ್ನೆಯ ಮುಂದೆಯೂ ಒಂದೊಂದು ಶಿಕ್ಕೆ. ಎಲ್ಲವೂ ನೆಟ್ಟಗೆ, ಗೆರೆ ದಾಟದಂತೆ, ಪ್ರೀತಿಯಿಂದ ಒತ್ತಿದ್ದು.

ಒಬ್ಬ ಏಜೆಂಟ ತಂತಿಗೆ ಮೂಗು ಹಚ್ಚಿ, "ನಮ್ಮ ಶಿಕ್ಕೆ ದಟ್ಟ ಐತ್ರಿ, ಅವ ಮೊದಲ ನಮಗ ಹಾಕ್ಯಾನ" ಎಂದ. ಇನ್ನೊಬ್ಬ, "ಮನಸ್ಸು ಬದಲಿಸಿ ಕಡೀಕ ನಮಗ ಹಾಕ್ಯಾನ್ರಿ, ಕಡೀದ್ದ ಖರೇ" ಎಂದ. ಹಿರಿಯ ಅಧಿಕಾರಿ ಬಂದು ನೋಡಿ, ಚೀಟಿ ಅಸಿಂಧು ಎಂದು ಹೇಳಿದರು. ಆದರೂ ಇಬ್ಬರ ವಾದ ನಿಲ್ಲಲಿಲ್ಲ.

ಅವರ ಹಿಂದೆ ಒಬ್ಬ ಪಕ್ಷೇತರ ಉಮೇದುವಾರ ಕುಂತಿದ್ದ. ಸೈಕಲ್ ರಿಪೇರಿ ಮಾಡುವವನು. ಪ್ರಚಾರವನ್ನೂ ಸೈಕಲ್ ಮೇಲೆಯೇ ಮಾಡಿದ್ದ. ಬೆಳಗಿನಿಂದ ಅವನ ಚೀಟಿಗಳ ಕಟ್ಟು ದಪ್ಪವೇ ಆಗಿರಲಿಲ್ಲ, ಆದರೂ ಮುಖದ ಮೇಲಿನ ನಗು ಕಡಿಮೆ ಆಗಿರಲಿಲ್ಲ. ಅವನು ಎದ್ದು ನಿಂತು ಹೇಳಿದ:

"ಸಾಹೇಬ್ರ, ಆ ಮನಷ್ಯಾ ಯಾರಂತ ಹುಡುಕ್ರಿ. ಮನಿಗೆ ಬಂದು ಕೈ ಮುಗದ ಒಬ್ಬರಿಗೂ ಇಲ್ಲ ಅಂದಿಲ್ಲ. ಮುಂದಿನ ಸಲ ಅವನ್ನ ನಿಲ್ಲಸೂಣು, ನಾವೆಲ್ಲಾರೂ ಕೂಡಿ ಅವಗ ಹಾಕೂಣು."

ಜಗಳಾಡುತ್ತಿದ್ದ ಇಬ್ಬರೂ ನಕ್ಕುಬಿಟ್ಟರು. ಅವನ ಠೇವಣಿ ಹೋಯಿತು. ಆದರೆ ಆ ದಿನ ಆ ಕೋಣೆಯಲ್ಲಿ ಗೆದ್ದವನು ಅವನೇ.

೪. ಮಶೀನಿನ ದನಿ

ಮಶೀನು ಬಂದ ಹೊಸತರಲ್ಲಿ ನನಗೆ ರಾಮದುರ್ಗ ತಾಲೂಕು ಬಿತ್ತು. ತೊರಗಲ್ ಕೋಟೆ ದಾಟಿ ಹೋಗುವ ಒಂದು ಊರು. ಮತ ಬಿದ್ದ ಕೂಡಲೆ ಮಶೀನು 'ಪೀಂ' ಎಂದು ಕೂಗುತ್ತಿತ್ತು. ಒಬ್ಬ ನೇಕಾರ ಅಜ್ಜ ಗುಂಡಿ ಒತ್ತಿದವನೇ ಮರೆಯಿಂದ ಹೊರಗೆ ಬಂದು ನನ್ನ ಮುಂದೆ ನಿಂತ.

"ಗುಟ್ಟಿನ ಮತ ಅಂತೀರಿ, ಮತ್ತ ಅದು ಹಂಗ್ಯಾಕ ಒದರತೈತಿ? ಯಾರಿಗೆ ಹಾಕಿದೆ ಅಂತ ಹೊರಗಿನವರಿಗೆ ತಿಳಿಯಂಗಿಲ್ಲೇನು?"

"ಯಾರಿಗೆ ಹಾಕಿದ್ರೂ ಒಂದ ದನಿ ಬರತೈತಿ ಅಜ್ಜಾರ," ಎಂದೆ.

ಅವನಿಗೆ ನಂಬಿಕೆ ಬರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕುಂತು, ಹತ್ತು ಹನ್ನೆರಡು ಮಂದಿ ಮತ ಹಾಕುವತನಕ ಕೇಳಿದ. ಆಮೇಲೆ ಒಳಗೆ ಇಣುಕಿ, "ಖರೇ ಐತ್ರಿ, ದನಿ ಒಂದ ಐತಿ. ಮಗ್ಗ ಎಲ್ಲೆ ಕೆಟ್ಟೈತಿ ಅನ್ನೂದನ್ನ ನಾ ದನೀಲೆ ಹೇಳತೇನಿ. ಇದು ಪ್ರಾಮಾಣಿಕ ಐತಿ" ಎಂದು ಸರ್ಟಿಫಿಕೇಟ್ ಕೊಟ್ಟ. ಆದರೆ ಮನೆಗೆ ಹೋಗಲಿಲ್ಲ. ಕೇಳುವುದು ಅವನಿಗೆ ರುಚಿ ಹತ್ತಿತ್ತು.

ಮೂರು ಗಂಟೆಗೆ ಮತ್ತೆ ಬಂದ. "ಮಾಸ್ತರ್ರ, ದನಿ ಸಣ್ಣ ಆಗೈತಿ. ಒಮ್ಮೆ ನೋಡ್ರಿ."

ನನಗೆ, ನನ್ನ ಜೊತೆಗಿದ್ದ ಮೂವರಿಗೆ ಏನೂ ಫರಕು ಕಂಡಿರಲಿಲ್ಲ. ಅವನ ಸಮಾಧಾನಕ್ಕೆಂದು ಬಗ್ಗಿ ನೋಡಿದರೆ ಬ್ಯಾಟರಿ ಮುಗಿಯಲಿಕ್ಕೆ ಬಂದಿದೆ. ಇನ್ನೂ ಬಾಗಿಲ ಹೊರಗೆ ಉದ್ದನ್ನ ಸಾಲಿತ್ತು. ಫೋನು ಮಾಡಿಸಿದೆ, ಆ ಕಡೆಯ ಮತಗಟ್ಟೆಗಳನ್ನು ನೋಡಿಕೊಳ್ಳುವ ಸಾಹೇಬರು ಜೀಪಿನಲ್ಲಿ ಹೊಸ ಬ್ಯಾಟರಿ ತಂದು ಹಾಕಿದರು. ಮತದಾನ ನಿಲ್ಲಲಿಲ್ಲ.

"ಇಷ್ಟ ಲಗೂನ ಹೆಂಗ ಗೊತ್ತಾತು ನಿಮಗ?" ಎಂದು ಸಾಹೇಬರು ಕೇಳಿದರು. ನಾನು ಕಟ್ಟೆಯ ಕಡೆ ಕೈ ತೋರಿಸಿ ಎಲ್ಲ ಹೇಳಿದೆ. ಅವರು ಅಜ್ಜನ ಕಡೆ ನೋಡಿ ಹೇಳಿದರು:

"ಉಳಿದ ಮತಗಟ್ಟಿಗೆ ಬರೇ ಮಶೀನ್ ಕಳಿಸೇವಿ. ಅಜ್ಜನ್ನ ಕಳಿಸೂದು ಮರತೇವಿ."

೫. ಕಣ್ಣು ಕಾಣದವರು

ಇದು ನನ್ನ ಕೊನೆಯ ಡ್ಯೂಟಿ, ಕಿತ್ತೂರು ಕಡೆ. ಊರಿನ ದೊಡ್ಡ ಮನೆತನದ ಒಬ್ಬ ಗೌಡರು ಹೆಂಡತಿಯ ಜೊತೆಗೆ ಬಂದರು. ಇಬ್ಬರಿಗೂ ಎಪ್ಪತ್ತರ ಮೇಲೆ. ಕಣ್ಣು ಕಾಣದವರ ಮತವನ್ನು ಜೊತೆಗೆ ಬಂದ ಒಬ್ಬರು ಹಾಕಬಹುದು ಎಂದು ನಿಯಮವಿದೆ. ಅದು ಗೌಡರಿಗೆ ಗೊತ್ತಿತ್ತು.

"ಈಕಿಗೆ ಕಣ್ಣು ಕಾಣಸಂಗಿಲ್ಲ. ಈಕಿ ಮತಾನೂ ನಾನ ಹಾಕತೇನಿ," ಎಂದರು. ಅವರ ಮಾತಿಗೆ ಎದುರಾಡಿದವರು ಆ ಊರಲ್ಲಿ ಇದ್ದಂತಿರಲಿಲ್ಲ. ಏಜೆಂಟರೆಲ್ಲ ಗೋಡೆ ನೋಡುತ್ತ ಕುಂತರು. ನನಗೂ ಒಳಗೊಳಗೆ ಅಳುಕು. ಆದರೂ ಅಮ್ಮನವರನ್ನು ಕೇಳಲೇಬೇಕಲ್ಲ.

"ಅಮ್ಮಾರ, ನಿಮಗ ಕಣ್ಣು ಕಾಣಸ್ತಾವೇನ್ರಿ?"

ಆಕೆ ನನ್ನನ್ನು ನೋಡಿ ನಿಧಾನಕ್ಕೆ ಹೇಳಿದರು, "ನಿಮ್ಮ ಅಂಗಿ ಎರಡನೇ ಗುಂಡಿ ಹರದು, ಅಲ್ಲಿ ಪಿನ್ನ ಚುಚ್ಚೀರಿ. ನಿಮ್ಮ ಮನಿಯವರು ಊರಾಗ ಇಲ್ಲೇನ್ರಿ?"

ಇಡೀ ಕೋಣೆ ನನ್ನ ಅಂಗಿ ನೋಡಿತು. ಪಿನ್ನು ಇದ್ದದ್ದು ಖರೆ, ಮನೆಯವಳು ತವರಿಗೆ ಹೋಗಿದ್ದದ್ದೂ ಖರೆ. ಅಮ್ಮನವರು ತಾವೇ ನಡೆದು ಹೋಗಿ, ತಾವೇ ಗುಂಡಿ ಒತ್ತಿ ಬಂದರು.

ಈಗ ಗೌಡರ ಸರದಿ. ಸಹಿ ಮಾಡಿರಿ ಎಂದು ರಜಿಸ್ಟರ್ ಸರಿಸಿದರೆ, ಅವರು ಪೆನ್ನು ಹಿಡಿದು ರಜಿಸ್ಟರಿನ ಬಾಜೂಕೆ, ಟೇಬಲ್ಲಿನ ಮೇಲೆ ದೊಡ್ಡದಾಗಿ ಸಹಿ ಮಾಡಿದರು. ನಾವು ಯಾರೂ ನಗುವ ಧೈರ್ಯ ಮಾಡಲಿಲ್ಲ.

"ಇವರ ಕಣ್ಣಿನ ಚಾಳೀಸ ಒಡದು ಎರಡ ದಿನ ಆತ್ರಿ," ಎಂದರು ಅಮ್ಮನವರು. "ಕಾಣಸೂದಿಲ್ಲ ಅಂತ ಹೇಳಾಕ ಇವರಿಗೆ ನಾಚಿಕಿ."

ಗೌಡರು ಮೆಲ್ಲಗೆ ಹೆಂಡತಿಯ ಕಡೆ ಕೈ ಚಾಚಿ, "ನೀನ ಬಾ" ಎಂದರು. ನಾನು ನಿಯಮದ ಪ್ರಕಾರ ಅಮ್ಮನವರ ಮುಂದೆ ಒಂದು ಕಾಗದ ಇಟ್ಟೆ. ಮತ ಯಾರಿಗೆ ಹಾಕಿದೆ ಎಂಬುದನ್ನು ಗುಟ್ಟಾಗಿ ಇಡುತ್ತೇನೆ ಎಂದು ಜೊತೆಗೆ ಹೋಗುವವರು ಬರೆದುಕೊಡಬೇಕು. ಓದಿ ಹೇಳಿದೆ.

ಅಮ್ಮನವರು ಸಹಿ ಮಾಡಿ, ಗೌಡರ ಕೈ ಹಿಡಿದುಕೊಂಡು ಹೇಳಿದರು:

"ಆತ್ರಿ. ಯಾರಿಗೂ ಹೇಳಂಗಿಲ್ಲ. ಇವರಿಗೂ ಹೇಳಂಗಿಲ್ಲ."